ರೈಲು ಕಿಟ್ ಏಳುತ್ತಿಲ್ಲವಾ? ಮೊದಲು ಚಿಪ್ ಕೀಳಿ

ಹಾಸನದಲ್ಲಿದ್ದ ನನ್ನ ಟಿವಿ ರಿಪೇರಿ ಅಂಗಡಿ ಈಗಿಲ್ಲ. ಸೋಲ್ಡರಿಂಗ್ ಐರನ್ನು, ಮೀಟರು, ಸ್ಕ್ರೂ ಡಬ್ಬಿ ಎಲ್ಲ ಮನೆಯ ಮಹಡಿ ರೂಮಿಗೆ ಬಂದಿವೆ. ಅಲ್ಲಿ ಯಡಕುಮೇರಿ ಸ್ಟೇಷನ್ನಿನ ಮಾದರಿ ಕಟ್ಟುತ್ತಿದ್ದೇನೆ. ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯಲ್ಲಿ 57 ಸುರಂಗ ಇವೆ. ಅಷ್ಟಕ್ಕೆ ನನ್ನ ಮಹಡಿ ಸಾಲದು, ಎರಡಕ್ಕೇ ನಿಲ್ಲಿಸಿದ್ದೇನೆ.

ಈ ಹುಚ್ಚು ಹಿಡಿದವರು ನಮ್ಮ ಕಡೆ ಕಮ್ಮಿ. ಆದರೆ ಇರುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಲ್ಯಾಪ್‌ಟಾಪ್‌ನಿಂದ ಮಾದರಿ ರೈಲು ಓಡಿಸುವ ಬೋರ್ಡಿನ ಕಿಟ್ ತರಿಸಿ, ಕೂತು ಸೋಲ್ಡರ್ ಮಾಡಿ, ಲ್ಯಾಪ್‌ಟಾಪ್‌ಗೆ ಚುಚ್ಚಿ, ಏನೂ ಆಗದಿದ್ದಾಗ ಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬರುತ್ತಾರೆ. ಚಿಕ್ಕಮಗಳೂರಿನ ಒಬ್ಬ ಹುಡುಗ ಬಾಗಿಲಲ್ಲೇ ಹೇಳಿದ: "ಅಂಕಲ್, ಚಿಪ್ ಹೋಗಿದೆ ಅನ್ಸುತ್ತೆ." ನಾನು ಕೇಳಿದೆ: "ಮೀಟರ್ ಇಟ್ಟು ನೋಡಿದ್ಯೇನಪ್ಪಾ?" ಇಲ್ಲ. ಡ್ರೈವರ್ ತೆಗೆದು ಹಾಕಿದ್ದ, ವಿಂಡೋಸನ್ನೇ ಹೊಸದಾಗಿ ಹಾಕಿದ್ದ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಹೊಸ ಚಿಪ್ಪನ್ನೂ ತರಿಸಿದ್ದ. ಯುಎಸ್‌ಬಿ ಸಾಕೆಟ್ಟಿನ ಒಂದು ಕಾಲಿಗೆ ಸೋಲ್ಡರ್ ಹಿಡಿದಿರಲಿಲ್ಲ, ಅಷ್ಟೇ.

ಚಿಪ್ ಹೋಗುವುದು ಅಪರೂಪ. ತೊಂದರೆ ಇರುವುದು ಸೋಲ್ಡರಿನಲ್ಲಿ, ಕೇಬಲ್ಲಿನಲ್ಲಿ, ತಪ್ಪು ಜಾಗದಲ್ಲಿ ಕೂತ ರೆಸಿಸ್ಟರಿನಲ್ಲಿ. ಹಾಗಾಗಿ ನಾನು ಕಂಪ್ಯೂಟರಿನ ಕಡೆಯಿಂದ ಶುರು ಮಾಡುವುದೇ ಇಲ್ಲ. ಕರೆಂಟು ಎಲ್ಲಿಂದ ಒಳಗೆ ಬರುತ್ತದೋ ಅಲ್ಲಿಂದ ಮೀಟರ್ ಹಿಡಿದು ಮುಂದಕ್ಕೆ ಹೋಗುತ್ತೇನೆ. ಯುಎಸ್‌ಬಿ ಸಾಕೆಟ್ ಮೊದಲು, ಚಿಪ್ ಆಮೇಲೆ, ಹಳಿ ಕೊನೆಗೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಬೀಪ್ ಇರುವ ಸಾಧಾರಣ ಡಿಜಿಟಲ್ ಮೀಟರ್, ಚೂಪು ಮೂತಿಯ 25 ವ್ಯಾಟ್ ಐರನ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವ, ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಮೊಬೈಲ್ ಚಾರ್ಜರ್. ಇನ್ನೊಂದು, ಆಟೊ ಸ್ಪೇರ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬು. ಅದು ಯಾಕೆ ಅಂತ ಹಳಿಯ ಹತ್ತಿರ ಬಂದಾಗ ಹೇಳುತ್ತೇನೆ.

ಬೋರ್ಡ್ ಮೇಲೆ ಏನಿದೆ

ನಾನು ಇಲ್ಲಿ ಹೇಳುತ್ತಿರುವುದು ಲ್ಯಾಪ್‌ಟಾಪ್‌ನಿಂದ ಡಿಸಿಸಿ ಇಂಜಿನ್ ಓಡಿಸುವ, ಡಿಕೋಡರ್‌ಗೆ ನಂಬರ್ ಬರೆಯುವ ಕಿಟ್ ಬಗ್ಗೆ. ಡಿಸಿಸಿಯಲ್ಲಿ ಹಳಿಯ ಮೇಲೆ ಕರೆಂಟೂ ಆದೇಶವೂ ಒಟ್ಟಿಗೇ ಹೋಗುತ್ತವೆ. ಹಳಿಗಳ ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲಾಗುತ್ತದೆ. ಅರ್ಧ ಸುತ್ತು 58 ಮೈಕ್ರೊಸೆಕೆಂಡ್ ಇದ್ದರೆ ಅದು 1. ನೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 0. ಈ ನಿಯಮ ಅಮೆರಿಕದ ಮಾದರಿ ರೈಲಿನವರ ಎನ್‌ಎಂಆರ್‌ಎ ಸಂಘದ್ದು. ಇಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಇದನ್ನು ಓದಿಕೊಂಡು ಮೋಟಾರ್ ತಿರುಗಿಸುತ್ತದೆ.

ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ 2 ಕಿಂಡಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೊಡುತ್ತದೆ. ಇಂಜಿನ್ ಎಳೆಯಲು ಅದು ಸಾಲದು. ಅದಕ್ಕೇ 12ರಿಂದ 15 ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಅಂದರೆ ಬೋರ್ಡಿಗೆ ಎರಡು ಕಡೆಯಿಂದ ಕರೆಂಟು. ಕೆಲವು ಕಿಟ್‌ಗಳಲ್ಲಿ ಚಿಪ್ಪಿಗೆ ಯುಎಸ್‌ಬಿಯಿಂದಲೇ 5 ವೋಲ್ಟ್ ಹೋಗುತ್ತದೆ. ಕೆಲವದರಲ್ಲಿ ಅಡಾಪ್ಟರಿನಿಂದ 7805 ರೆಗ್ಯುಲೇಟರ್ ಮೂಲಕ ಹೋಗುತ್ತದೆ. ನಿಮ್ಮದು ಯಾವುದು ಅಂತ ಸರ್ಕ್ಯೂಟ್ ಚಿತ್ರ ನೋಡಿ ಮೊದಲೇ ತಿಳಿದುಕೊಳ್ಳಿ. ಎರಡನೇ ಜಾತಿಯ ಬೋರ್ಡಿಗೆ ಅಡಾಪ್ಟರ್ ಹಾಕದೆ "ಲ್ಯಾಪ್‌ಟಾಪ್‌ನಲ್ಲಿ ಕಾಣಿಸ್ತಿಲ್ಲ" ಅಂತ ತಲೆ ಕೆಡಿಸಿಕೊಂಡವರು ಇದ್ದಾರೆ.

ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಚಿಪ್ ಪಿಕ್ 18ಎಫ್2550. ಅದಕ್ಕೆ 28 ಕಾಲು. ಕೆಳಗೆ ಹೇಳುವ ಕಾಲಿನ ನಂಬರುಗಳು ಅದರದ್ದೇ. ನಿಮ್ಮದು ಬೇರೆ ಚಿಪ್ ಆದರೆ ನಂಬರ್ ಬೇರೆ ಇರುತ್ತದೆ, ಹುಡುಕುವ ಕ್ರಮ ಇದೇ. ಎಣಿಸುವುದು ಹೀಗೆ: ಚಿಪ್ಪಿನ ಕಚ್ಚು ಮೇಲಕ್ಕಿರಲಿ. ಎಡಗಡೆ ಮೇಲಿನದು 1. ಕೆಳಗೆ ಇಳಿಯುತ್ತಾ 14. ಬಲಗಡೆ ಕೆಳಗಿನದು 15, ಮೇಲಕ್ಕೆ ಹೋಗುತ್ತಾ 28. ಬೋರ್ಡ್ ತಿರುಗಿಸಿ ಸೋಲ್ಡರ್ ಕಡೆಯಿಂದ ನೋಡಿದರೆ ಎಡ ಬಲ ಬದಲಾಗುತ್ತದೆ. ಒಂದನೇ ಕಾಲಿನ ಪಕ್ಕ ಹಿಂದುಗಡೆಯೂ ಮಾರ್ಕರಿನಲ್ಲಿ ಚುಕ್ಕೆ ಇಟ್ಟುಕೊಳ್ಳಿ.

ಕರೆಂಟ್ ಕೊಡುವ ಮೊದಲು

ಬೆಳಿಗ್ಗೆ ಬಿಸಿಲಿಗೆ ಹೋಗಿ ಬೋರ್ಡ್ ನೋಡಿ. ಟ್ಯೂಬ್‌ಲೈಟ್ ಬೆಳಕು ಇದಕ್ಕೆ ಸಾಲದು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಹಿಂದುಗಡೆಯ ಪ್ರತಿ ಜಾಯಿಂಟ್ ನೋಡುತ್ತಾ ಹೋಗಿ. ಒಳ್ಳೆಯ ಸೋಲ್ಡರ್ ಕಾಲಿನ ಸುತ್ತ ಇಳಿಜಾರಾಗಿ ಹರಡಿ ಬೋರ್ಡಿಗೆ ಅಂಟಿರುತ್ತದೆ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉಂಡೆಯಾಗಿ ನಿಂತಿದ್ದರೆ ಅದು ಡ್ರೈ ಸೋಲ್ಡರ್. ಮತ್ತೆ ಬಿಸಿ ಮಾಡಿ, ಚೂರು ಹೊಸ ಲೆಡ್, ಅಂದರೆ ಸೋಲ್ಡರ್ ತಂತಿ, ಕೊಟ್ಟು ಕರಗಿಸಿ. ಯುಎಸ್‌ಬಿ ಸಾಕೆಟ್ಟಿನ ಎರಡು ದಪ್ಪ ಕಿವಿಗಳಿಗೂ ಸೋಲ್ಡರ್ ತುಂಬಿರಬೇಕು. ಅವು ಸಡಿಲ ಇದ್ದರೆ ಕೇಬಲ್ ಎಳೆದಾಗೆಲ್ಲ ಪಕ್ಕದ ಸಣ್ಣ ಕಾಲುಗಳು ಬಿರುಕು ಬಿಡುತ್ತವೆ.

ಆಮೇಲೆ ದಿಕ್ಕು. ದೊಡ್ಡ ಕಂಡೆನ್ಸರಿನ ಮೈಮೇಲೆ ಪಟ್ಟೆ ಇರುವ ಕಡೆ ಮೈನಸ್. ಡಯೋಡಿನ ಪಟ್ಟೆ, ಬೋರ್ಡ್ ಮೇಲೆ ಅಚ್ಚಾದ ಪಟ್ಟೆ ಒಂದೇ ಕಡೆ ಇರಬೇಕು. ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿ ಆಗಿದ್ದರೆ ಅದರ ತಲೆಯ ಅಂಚು ಚಪ್ಪಟೆಯಾದ ಕಡೆ ಮೈನಸ್. ಚಿಪ್ ಕೂರುವ ಐಸಿ ಬೇಸನ್ನೇ ಉಲ್ಟಾ ಸೋಲ್ಡರ್ ಮಾಡಿದ್ದರೆ ಕೀಳಲು ಹೋಗಬೇಡಿ, ಬೋರ್ಡಿನ ಟ್ರ್ಯಾಕ್ ಎದ್ದು ಬರುತ್ತದೆ. ಬೇಸ್ ಹಾಗೇ ಇರಲಿ. ಚಿಪ್ಪನ್ನು ಬೋರ್ಡ್ ಮೇಲಿನ ಅಚ್ಚು ನೋಡಿ ಸರಿಯಾದ ದಿಕ್ಕಿಗೆ ಕೂರಿಸಿ.

ರೆಸಿಸ್ಟರ್ ಬಣ್ಣ ನಂಬಬೇಡಿ. ನೀಲಿ ಮೈಯ ಐದು ಪಟ್ಟೆಯ ರೆಸಿಸ್ಟರಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು, ಕಂದು ಯಾವುದು ಅಂತ ನನ್ನ ಕಣ್ಣಿಗಂತೂ ಗೊತ್ತಾಗುವುದಿಲ್ಲ. ಒಂದು ಬಣ್ಣ ತಪ್ಪಿದರೆ ಹತ್ತು ಪಟ್ಟು ವ್ಯತ್ಯಾಸ. ಹಾಕುವ ಮೊದಲೇ ಮೀಟರಿನಲ್ಲಿ ಅಳೆಯುವುದು ವಾಸಿ. ಸೋಲ್ಡರ್ ಆಗಿಹೋಗಿದ್ದರೆ ಚಿಪ್ ತೆಗೆದು ಅಳೆಯಿರಿ. ಸುತ್ತಲಿನ ಸರ್ಕ್ಯೂಟಿನಿಂದಾಗಿ ಬೆಲೆಗಿಂತ ಕಮ್ಮಿ ತೋರಿಸಬಹುದು. ಜಾಸ್ತಿ ತೋರಿಸಿ ಅಲ್ಲೇ ನಿಂತರೆ ಮಾತ್ರ ತಪ್ಪು ರೆಸಿಸ್ಟರ್ ಅಂತ ತಿಳಿಯಿರಿ.

ಸಣ್ಣ ಕಂಡೆನ್ಸರುಗಳ ನಂಬರಿನಲ್ಲೂ ಜನ ಬೀಳುತ್ತಾರೆ. 104 ಅಂದರೆ 0.1 ಮೈಕ್ರೊಫ್ಯಾರಡ್. 474 ಅಂದರೆ 0.47. ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್ ಪಕ್ಕದಲ್ಲಿ ಬರುವ 22 ಪಿಕೊಫ್ಯಾರಡಿನ ಮೇಲೆ ಕೆಲವು ಸಲ 22 ಅಂತ, ಕೆಲವು ಸಲ 220 ಅಂತ ಇರುತ್ತದೆ. ಕೊನೆಯ ಅಂಕೆ ಸೊನ್ನೆಗಳ ಲೆಕ್ಕ, ಹಾಗಾಗಿ 220 ಅಂದರೂ 22 ಪಿಕೊನೇ. 221 ಇದ್ದರೆ ಅದು 220 ಪಿಕೊ. ಅದನ್ನು ಅಲ್ಲಿ ಹಾಕಿದರೆ ಕ್ರಿಸ್ಟಲ್ ಏಳುವುದೇ ಕಷ್ಟ.

ಕೊನೆಗೆ ಬೀಪ್ ಪರೀಕ್ಷೆ. ಚಿಪ್ಪುಗಳೆಲ್ಲ ಹೊರಗಿರಲಿ. ಬೇಸಿನ 20ನೇ ಕಾಲು 5 ವೋಲ್ಟ್, 8 ಮತ್ತು 19 ಗ್ರೌಂಡ್. 20ಕ್ಕೂ 19ಕ್ಕೂ ಮಧ್ಯೆ ಮೀಟರ್ ಇಡಿ. ಒಂದು ಕ್ಷಣ ಬೀಪ್ ಬಂದು ನಿಂತರೆ ಕಂಡೆನ್ಸರ್ ತುಂಬಿಕೊಂಡಿದೆ, ಚಿಂತೆ ಇಲ್ಲ. ನಿಲ್ಲದೆ ಕೂಗುತ್ತಿದ್ದರೆ ಶಾರ್ಟ್ ಇದೆ. ಅದು ಸಿಗುವ ತನಕ ಮುಂದೆ ಹೋಗಬೇಡಿ. ಮಾಹಿತಿ ಹೋಗುವುದು ಡಿ ಪ್ಲಸ್, ಡಿ ಮೈನಸ್ ಅನ್ನುವ ಎರಡು ಗೆರೆಗಳಲ್ಲಿ. ಯುಎಸ್‌ಬಿ ಸಾಕೆಟ್ಟಿನ 2ನೇ ಕಾಲು ಡಿ ಮೈನಸ್, ಅದು ಚಿಪ್ಪಿನ 15ಕ್ಕೆ ಹೋಗಬೇಕು. 3ನೇ ಕಾಲು ಡಿ ಪ್ಲಸ್, ಅದು 16ಕ್ಕೆ. ಈ ಎರಡು ಗೆರೆಗಳ ಮಧ್ಯೆ ಬೀಪ್ ಬರಬಾರದು. ಕೆಲವು ಬೋರ್ಡಿನಲ್ಲಿ ಸಾಕೆಟ್ಟಿಗೂ ಚಿಪ್ಪಿಗೂ ಮಧ್ಯೆ ಸಣ್ಣ ರೆಸಿಸ್ಟರ್ ಇರುತ್ತದೆ, ಆಗ ಬೀಪಿನ ಬದಲು ಓಮ್ ಓದಿ.

ಚಿಪ್ ಇಲ್ಲದೆ ಕರೆಂಟ್

ಈಗಲೂ ಲ್ಯಾಪ್‌ಟಾಪ್ ಬೇಡ. ಮೊಬೈಲ್ ಚಾರ್ಜರಿಗೆ ಕೇಬಲ್ ಹಾಕಿ ಬೋರ್ಡಿಗೆ ಚುಚ್ಚಿ. ಶಾರ್ಟ್ ಏನಾದರೂ ಉಳಿದಿದ್ದರೆ ಹಳೇ ಚಾರ್ಜರ್ ಹೋದರೂ ಹೋಗಲಿ, ಲ್ಯಾಪ್‌ಟಾಪ್ ಉಳಿಯುತ್ತದೆ ಅಲ್ವಾ.

20ಕ್ಕೂ 19ಕ್ಕೂ ಮಧ್ಯೆ 5 ವೋಲ್ಟಿನ ಆಸುಪಾಸು ಬರಬೇಕು. 4.75ರಿಂದ 5.25ರ ಒಳಗೆ ಇದ್ದರೆ ಖುಷಿ ಪಡಿ. ನಾಲ್ಕೂವರೆಯ ಕೆಳಗೆ ಇದ್ದರೆ ದಾರಿಯಲ್ಲಿ ಡಯೋಡ್ ಇದೆಯಾ ನೋಡಿ. ಸಾಧಾರಣ ಡಯೋಡ್ 0.6, 0.7 ವೋಲ್ಟ್ ತಿನ್ನುತ್ತದೆ, ಶಾಟ್ಕಿ ಡಯೋಡ್ ಅದರ ಅರ್ಧದಷ್ಟು. ಶಾಟ್ಕಿ ಇರಬೇಕಾದ ಕಡೆ ಬೇರೆಯದು ಕೂತಿರಬಹುದು. ಸೊನ್ನೆ ಬಂದರೆ ಹಿಂದಕ್ಕೆ ಹೋಗಿ: ಸಾಕೆಟ್ಟಿನ 1ನೇ ಕಾಲಿನಲ್ಲಿ ಇದೆಯಾ? ಫ್ಯೂಸಿನ ಈಚೆ ಇದೆಯಾ, ಆಚೆ ಇದೆಯಾ? ತಾನೇ ಸರಿಹೋಗುವ ಪಾಲಿಫ್ಯೂಸ್ ಬೆರಳಿಗೆ ಬೆಚ್ಚಗಾದರೆ ಮುಂದೆ ಎಲ್ಲೋ ಶಾರ್ಟ್ ಇದೆ ಅಂತಲೇ ಅರ್ಥ.

ಅಡಾಪ್ಟರ್ ಕಡೆಯನ್ನೂ ಹೀಗೇ ನೋಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮೇಲೆ 12 ಅಂತ ಬರೆದಿದ್ದರೂ ಲೋಡ್ ಇಲ್ಲದಾಗ 16, 17 ವೋಲ್ಟ್ ತೋರಿಸುತ್ತದೆ. ಈ ಕೆಲಸಕ್ಕೆ ಅದು ಬೇಡ. ಪಿನ್ನಿನ ಒಳಭಾಗ ಪ್ಲಸ್ಸಾ ಮೈನಸ್ಸಾ ಅಂತಲೂ ಅಳೆದುಬಿಡಿ.

ಇಷ್ಟಾದ ಮೇಲೆ ಕರೆಂಟ್ ತೆಗೆದು ಚಿಪ್ ಹಾಕಿ. ಹೊಸ ಚಿಪ್ಪಿನ ಕಾಲುಗಳು ಅಗಲವಾಗಿರುತ್ತವೆ. ಮೇಜಿನ ಮೇಲೆ ಪಕ್ಕಕ್ಕೆ ಒತ್ತಿ ಎರಡೂ ಸಾಲನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ ಬೇಸಿಗೆ ನೇರ ಇಳಿಯುತ್ತದೆ. ಹಾಗೇ ಒತ್ತಿದರೆ ಒಂದು ಕಾಲು ಚಿಪ್ಪಿನ ಹೊಟ್ಟೆಯ ಅಡಿಗೆ ಮಡಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಕೂತಂತೆಯೇ ಕಾಣುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ.

ಮತ್ತೆ ಚಾರ್ಜರಿಗೆ ಹಾಕಿ. ಚಿಪ್ ಮೇಲೆ ಬೆರಳಿಡಿ. ಬಿಸಿಯಾದರೆ ತಕ್ಷಣ ಕೀಳಿ, ಉಲ್ಟಾ ಕೂತಿರಬೇಕು. ತಣ್ಣಗಿದ್ದರೆ 1ನೇ ಕಾಲು ಅಳೆಯಿರಿ. ಅದು ರೀಸೆಟ್ ಕಾಲು. 10 ಕೆ ರೆಸಿಸ್ಟರ್ ಮೂಲಕ 5 ವೋಲ್ಟಿನ ಹತ್ತಿರ ಇರಬೇಕು. ಸೊನ್ನೆ ಇದ್ದರೆ ಚಿಪ್ ಮಲಗಿಯೇ ಇರುತ್ತದೆ. ಆಮೇಲೆ 14. ಯುಎಸ್‌ಬಿ ಭಾಗಕ್ಕೆ ಬೇಕಾದ 3.3 ವೋಲ್ಟನ್ನು ಚಿಪ್ ತಾನೇ ಒಳಗೆ ತಯಾರು ಮಾಡಿಕೊಂಡು ಈ ಕಾಲಿನಲ್ಲಿ ತೋರಿಸುತ್ತದೆ. 3.0ರಿಂದ 3.6ರವರೆಗೆ ಇದ್ದರೆ ಸರಿ. ಈ ಕಾಲಿನಿಂದ ಗ್ರೌಂಡಿಗೆ 0.22 ಅಥವಾ 0.47 ಮೈಕ್ರೊಫ್ಯಾರಡಿನ ಕಂಡೆನ್ಸರ್ ಇರಲೇಬೇಕು. ಅದರ ಜಾಗಕ್ಕೆ 104 ಹೋಗಿ ಕೂತರೆ ಬೋರ್ಡ್ ಒಂದು ಸಲ ಕಾಣಿಸಿಕೊಳ್ಳುತ್ತದೆ, ಇನ್ನೊಂದು ಸಲ ಇಲ್ಲ. ಇಂಥ ಅರೆಬರೆ ತೊಂದರೆಯೇ ಜಾಸ್ತಿ ತಲೆ ತಿನ್ನುವುದು. 14ರಲ್ಲಿ ಏನೂ ಇಲ್ಲ, ಕಂಡೆನ್ಸರೂ ಸರಿ ಇದೆ ಅಂದರೆ ಚಿಪ್ಪಿನೊಳಗೆ ಪ್ರೋಗ್ರಾಂ ಇದೆಯಾ ಅಂತ ಅನುಮಾನ ಪಡಬಹುದು.

ಇಲ್ಲಿ ಒಂದು ಮಾತು. ಕಿಟ್ ಜೊತೆ ಬರುವ ಚಿಪ್ಪಿನಲ್ಲಿ ಪ್ರೋಗ್ರಾಂ ಮೊದಲೇ ತುಂಬಿರುತ್ತದೆ. ಅಂಗಡಿಯಿಂದ ತರುವ ಅದೇ ನಂಬರಿನ ಚಿಪ್ ಖಾಲಿ. ಅದಕ್ಕೆ ಪಿಕ್‌ಕಿಟ್ ತರದ ಪ್ರೋಗ್ರಾಮರ್ ಬೇಕು, ಕಿಟ್ ಮಾಡಿದವರ ಪ್ರೋಗ್ರಾಂ ಇರುವ ಹೆಕ್ಸ್ ಫೈಲೂ ಬೇಕು. ಚಿಕ್ಕಮಗಳೂರಿನ ಹುಡುಗ ತರಿಸಿದ ಚಿಪ್ ಇನ್ನೂ ನನ್ನ ಡ್ರಾಯರಿನಲ್ಲಿ ಸುಮ್ನೆ ಬಿದ್ದಿದೆ.

ಕ್ರಿಸ್ಟಲ್ ಇರುವುದು 9, 10ನೇ ಕಾಲುಗಳಲ್ಲಿ, ಸಾಮಾನ್ಯವಾಗಿ 20 ಮೆಗಾಹರ್ಟ್ಸ್. ಅದನ್ನೇ ಇಟ್ಟುಕೊಂಡು ಚಿಪ್ ಒಳಗೆ 48 ಮೆಗಾಹರ್ಟ್ಸ್ ಮಾಡಿಕೊಳ್ಳುತ್ತದೆ. ಈ ವೇಗದ ಯುಎಸ್‌ಬಿಯಲ್ಲಿ ಶೇಕಡಾ 0.25ಕ್ಕಿಂತ ಜಾಸ್ತಿ ಆಚೀಚೆ ಆದರೆ ಒಪ್ಪುವುದಿಲ್ಲ. ಮನೆಯಲ್ಲಿತ್ತು ಅಂತ 16ರ ಕ್ರಿಸ್ಟಲ್ ಹಾಕಿದರೆ ಎಲ್‌ಇಡಿ ಮಿನುಗಬಹುದು, ಲ್ಯಾಪ್‌ಟಾಪ್ ಮಾತ್ರ ಮಾತಾಡುವುದಿಲ್ಲ. ಕ್ರಿಸ್ಟಲ್ಲಿನ ತಗಡಿನ ಮೈ ಕೆಳಗಿನ ಟ್ರ್ಯಾಕಿಗೆ ತಾಗದಂತೆ ಒಂದು ಕಾಗದದಷ್ಟು ಎತ್ತರದಲ್ಲಿರಲಿ.

ಈಗ ಲ್ಯಾಪ್‌ಟಾಪ್

ಕೇಬಲ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲ್ ಒಳಗೆ ಎರಡೇ ತಂತಿ ಇರುತ್ತವೆ. ಬೋರ್ಡಿನ ದೀಪ ಹತ್ತುತ್ತದೆ, ಲ್ಯಾಪ್‌ಟಾಪಿಗೆ ಏನೂ ತಿಳಿಯುವುದಿಲ್ಲ. ಪ್ರಿಂಟರಿನ ಕೇಬಲ್ ಬಿಚ್ಚಿ ತಂದು ಹಾಕಿ. ಅದರಲ್ಲಿ ನಾಲ್ಕೂ ತಂತಿ ಇದ್ದೇ ಇರುತ್ತವೆ, ತುದಿಯೂ ಸಾಮಾನ್ಯವಾಗಿ ಕಿಟ್ಟಿನ ಚೌಕ ಸಾಕೆಟ್ಟಿಗೆ ಸರಿಯಾಗುತ್ತದೆ.

ಕೇಬಲ್ ಚುಚ್ಚಿದಾಗ ವಿಂಡೋಸ್ ಶಬ್ದ ಮಾಡುತ್ತದೆಯಾ ಕೇಳಿ. ಶಬ್ದವೇ ಇಲ್ಲ ಅಂದರೆ ಬೋರ್ಡ್ ಬಂದದ್ದೇ ಲ್ಯಾಪ್‌ಟಾಪಿಗೆ ಗೊತ್ತಾಗಿಲ್ಲ. ಬೋರ್ಡು ಡಿ ಪ್ಲಸ್ ಗೆರೆಯ ವೋಲ್ಟೇಜನ್ನು ಮೇಲಕ್ಕೆ ಎಳೆದಾಗಲೇ ಅದು ಗೊತ್ತಾಗುವುದು. ಆದ್ದರಿಂದ ತೊಂದರೆ ಡಿ ಪ್ಲಸ್ ಗೆರೆಯಲ್ಲಿ, ಇಲ್ಲವೇ ಚಿಪ್ ಓಡುತ್ತಿಲ್ಲ. ಡ್ರೈವರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಶಬ್ದ ಬಂದು "ಗುರುತು ಸಿಗದ ಯುಎಸ್‌ಬಿ" ಅಂತ ಬಂದರೆ, ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಕಂಡರೆ, ಮಾತು ಶುರುವಾಗಿ ಮಧ್ಯದಲ್ಲಿ ಕಡಿದಿದೆ. ಡಿ ಪ್ಲಸ್ಸೂ ಡಿ ಮೈನಸ್ಸೂ ಅದಲು ಬದಲಾಗಿದ್ದರೂ ಹೀಗೇ. ಕೈಯಲ್ಲೇ ಕೇಬಲ್ ಮಾಡಿಕೊಂಡವರು ಬಿಳಿ, ಹಸಿರು ತಂತಿ ನೋಡಿಕೊಳ್ಳಿ: ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್. ಅದು ಸರಿ ಇದ್ದರೆ ಕ್ರಿಸ್ಟಲ್ ಮತ್ತು 14ನೇ ಕಾಲಿನ ಕಂಡೆನ್ಸರಿಗೆ ವಾಪಸ್ ಬನ್ನಿ.

ಡ್ರೈವರ್ ವಿಷಯ ಬರುವುದು ಇದಾದ ಮೇಲೆ. ಬೋರ್ಡ್ ತನ್ನನ್ನು ಸಾಧಾರಣ ಸೀರಿಯಲ್ ಪೋರ್ಟ್ ಅಂತ ಹೇಳಿಕೊಂಡರೆ ವಿಂಡೋಸ್ 10, 11 ಎರಡರಲ್ಲೂ ಡ್ರೈವರ್ ತಾನೇ ಕೂತುಕೊಳ್ಳುತ್ತದೆ. ವಿಂಡೋಸ್ 7ರ ಹಳೇ ಲ್ಯಾಪ್‌ಟಾಪಿಗೆ ಕಿಟ್ಟಿನವರ ಫೈಲ್ ಕೊಡಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ಸ್ ಅನ್ನುವ ಸಾಲಿನ ಕೆಳಗೆ ಕಾಮ್ 5 ಅಂತಲೋ ಕಾಮ್ 7 ಅಂತಲೋ ಬಂದರೆ ಬೋರ್ಡ್ ಗೆದ್ದಿತು. ಸೀರಿಯಲ್ ನಂಬರ್ ಹೇಳದ ಬೋರ್ಡನ್ನು ಲ್ಯಾಪ್‌ಟಾಪಿನ ಬೇರೆ ಕಿಂಡಿಗೆ ಹಾಕಿದರೆ ವಿಂಡೋಸ್ ಅದಕ್ಕೆ ಬೇರೆ ಕಾಮ್ ನಂಬರ್ ಕೊಡುತ್ತದೆ. ಹಾಗಾಗಿ ಒಂದೇ ಕಿಂಡಿ ಇಟ್ಟುಕೊಳ್ಳಿ, ಅದಕ್ಕೆ ಬಣ್ಣದ ಸ್ಟಿಕರ್ ಅಂಟಿಸಿ.

ರೈಲು ಓಡಿಸಲು ಬಹಳ ಜನ ಬಳಸುವುದು ಜೆಎಂಆರ್‌ಐ ಅನ್ನುವ ಉಚಿತ ತಂತ್ರಾಂಶ. ಅದಕ್ಕೆ ಜಾವಾ ಬೇಕು. ಅದರ ಪ್ರಿಫರೆನ್ಸಸ್‌ನಲ್ಲಿ ಕಿಟ್ಟಿನ ಜಾತಿ, ಕಾಮ್ ನಂಬರ್ ಎರಡನ್ನೂ ಸರಿಯಾಗಿ ಆರಿಸಿ. ಒಂದು ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಪರೀಕ್ಷೆಗೆ ತೆರೆದ ಟರ್ಮಿನಲ್ ವಿಂಡೋ ಹಿಂದೆ ಅಡಗಿ ಕೂತಿದ್ದರೆ ಜೆಎಂಆರ್‌ಐಗೆ ಪೋರ್ಟ್ ಸಿಗುವುದಿಲ್ಲ. ಲಿನಕ್ಸಿನವರು ತಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಒಂದು ಸಲ ಲಾಗ್‌ಔಟ್ ಆಗಿ ಬನ್ನಿ.

ಮಳೆಗಾಲದ ಕಾಟ

ಇದು ಪುಸ್ತಿಕೆಯಲ್ಲಿ ಇರುವುದಿಲ್ಲ. ಕಿಟ್ ಮಾಡುವವರು ಮಲೆನಾಡಿನ ಜುಲೈ ನೋಡಿರುವುದಿಲ್ಲ ಅಲ್ವಾ.

ಸಕಲೇಶಪುರದ ಆಚೆ ಕಾಫಿ ತೋಟ ಇರುವ ನನ್ನ ಭಾವಮೈದ ಫೋನ್ ಮಾಡಿದ: "ಭಾವ, ಬೇಸಿಗೇಲಿ ಚೆನ್ನಾಗಿ ಓಡ್ತಿತ್ತು. ಈಗ ಲ್ಯಾಪ್‌ಟಾಪಿಗೆ ಕಾಣ್ತಾನೇ ಇಲ್ಲ." ಬೋರ್ಡ್ ನನ್ನ ಕೈಗೆ ಬಂತು. ಹಾಸನದ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಇಟ್ಟಿದ್ದಕ್ಕೆ ಚುಚ್ಚಿದ ಕೂಡಲೇ ಎದ್ದಿತು. ವಾಪಸ್ ತೋಟಕ್ಕೆ ಹೋಯಿತು, ಮತ್ತೆ ಮಲಗಿತು. ಎಲ್ಲ ಕಾಲಿನ ವೋಲ್ಟೇಜೂ ಸರಿ. ಆಮೇಲೆ ಚಿಪ್ ತೆಗೆದು ಕ್ರಿಸ್ಟಲ್ಲಿನ ಎರಡು ಕಾಲಿನಿಂದ ಗ್ರೌಂಡಿಗೆ ಓಮ್ ನೋಡಿದೆ. ಅಲ್ಲಿ ಮೀಟರ್ ಏನೂ ತೋರಿಸಬಾರದು. ಲಕ್ಷಗಳಲ್ಲಿ ಏನೋ ಒಂದು ನಂಬರ್ ಕುಣಿಯುತ್ತಿತ್ತು.

ಕಾರಣ ಫ್ಲಕ್ಸ್, ಅಂದರೆ ಸೋಲ್ಡರ್ ಹಿಡಿಯಲೆಂದು ಹಚ್ಚುವ ಅಂಟು. ಪಾತ್ರೆ, ರೇಡಿಯೇಟರ್ ಬೆಸುಗೆಗೆ ಬಳಸುವ ಆಸಿಡ್ ಪೇಸ್ಟ್ ಹಚ್ಚಿ ಸೋಲ್ಡರ್ ಮಾಡಿದ್ದ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿಕೊಂಡರೆ ಕರೆಂಟ್ ಹರಿಯಲು ಬಿಡುತ್ತದೆ. ಬೇರೆ ಕಾಲಿನಲ್ಲಿ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಕ್ರಿಸ್ಟಲ್ ಕಾಲಿನಲ್ಲಿ ಮಾತ್ರ ಅದು ಕುಣಿತವನ್ನೇ ನಿಲ್ಲಿಸುತ್ತದೆ. ಎಲೆಕ್ಟ್ರಾನಿಕ್ಸಿಗೆ ರೋಸಿನ್ ಇರುವ ಲೆಡ್ ಸಾಕು. ಆಸಿಡ್ ಪೇಸ್ಟ್ ಡಬ್ಬಿಯನ್ನು ಆ ಮೇಜಿನ ಹತ್ತಿರವೇ ಇಡಬೇಡಿ.

ತೊಳೆಯುವುದು ಹೀಗೆ. ಚಿಪ್ಪುಗಳನ್ನು ತೆಗೆದಿಡಿ. ಆಸಿಡ್ ಪೇಸ್ಟ್ ಬಳಸಿದ್ದರೆ ಮೊದಲು ಬಿಸಿ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಯಾಕೆಂದರೆ ಅದರ ಉಪ್ಪು ನೀರಿಗೆ ಬಿಡುವಷ್ಟು ಐಪಿಎಗೆ ಬಿಡುವುದಿಲ್ಲ. ಆಮೇಲೆ ಐಪಿಎ ಹಾಕಿ ಮತ್ತೊಮ್ಮೆ ಉಜ್ಜಿ. ಸುಮ್ನೆ ಒರೆಸಿಬಿಟ್ಟರೆ ಅಂಟು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ ಅಷ್ಟೇ, ಆ ದ್ರವವನ್ನೇ ಕಾಗದದಲ್ಲಿ ಹೀರಿ ತೆಗೆಯಬೇಕು. ಬಿಸಿಲಿದ್ದರೆ ಬಿಸಿಲು, ಇಲ್ಲದಿದ್ದರೆ ಹೇರ್ ಡ್ರೈಯರ್. ರಿಲೇ, ಬಜರ್ ಇದ್ದರೆ ಅವುಗಳ ಒಳಗೆ ನೀರು ಹೋಗದಂತೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಬೋರ್ಡನ್ನು ಮುಚ್ಚಳದ ಡಬ್ಬಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ತಂತಿ ಬರುವ ತೂತಿಗೆ ಸ್ವಲ್ಪ ಹತ್ತಿ ತುರುಕಿ. ನಮ್ಮ ಕಡೆ ಇರುವೆಗಳಿಗೆ ಬೆಚ್ಚಗಿನ ಡಬ್ಬಿ ಸಿಕ್ಕರೆ ಮೊಟ್ಟೆ ಇಟ್ಟೇ ಇಡುತ್ತವೆ.

ಹಳಿ ಕಡೆ

ಲ್ಯಾಪ್‌ಟಾಪಿಗೆ ಬೋರ್ಡ್ ಕಾಣಿಸಿ, ಇಂಜಿನ್ ಮಾತ್ರ ಅಲ್ಲಾಡದಿದ್ದರೆ ಜೆಎಂಆರ್‌ಐನಲ್ಲಿ ಹಳಿಯ ಪವರ್ ಆನ್ ಆಗಿದೆಯಾ ನೋಡಿ. ನಗಬೇಡಿ, ಎಷ್ಟೋ ಜನಕ್ಕೆ ಇದೇ ಆಗಿರುತ್ತದೆ.

ಹಳಿಗೆ ಮೀಟರ್ ಇಟ್ಟರೆ ಡಿಸಿಯಲ್ಲಿ ಸೊನ್ನೆಯ ಹತ್ತಿರ ತೋರಿಸುತ್ತದೆ. ಗಾಬರಿ ಬೇಡ, ಪ್ಲಸ್ ಮೈನಸ್ ಸಮಸಮ ಆಗಿ ಸೊನ್ನೆ ಬರುತ್ತದೆ. ಡಿಸಿಯಲ್ಲೇ 12 ವೋಲ್ಟ್ ನಿಂತಿದ್ದರೆ ಆಗ ಗಾಬರಿ ಆಗಬೇಕು: ಹಳಿಗೆ ಪ್ಲಸ್ ಮೈನಸ್ ಅದಲು ಬದಲು ಮಾಡಿ ಕೊಡುವ ಎಚ್ ಬ್ರಿಡ್ಜ್ ಐಸಿ ಒಂದೇ ಕಡೆ ತಿರುಗಿ ಕೂತಿದೆ, ಅದಕ್ಕೆ ಚಿಪ್ಪಿನಿಂದ ಸಿಗ್ನಲ್ ಬರುತ್ತಿಲ್ಲ. ಎಸಿಗೆ ತಿರುಗಿಸಿದರೆ ಏನೋ ಒಂದು ಬೆಲೆ ಬರುತ್ತದೆ. ಸಾಧಾರಣ ಮೀಟರ್ ಮಾಡಿರುವುದು ಮನೆಯ 50 ಹರ್ಟ್ಸಿಗೆ, ಇಲ್ಲಿ ಇರುವುದು ಹಲವು ಸಾವಿರ ಹರ್ಟ್ಸ್. ಹಾಗಾಗಿ ಆ ಬೆಲೆಯನ್ನು ನಿನ್ನೆಯ ಬೆಲೆಯ ಜೊತೆ ಹೋಲಿಸಿ ನೋಡಲು ಮಾತ್ರ ಬಳಸಿ.

ಈಗ ಬ್ರೇಕ್ ಲೈಟ್ ಬಲ್ಬು. ಹಳಿಗೆ ಹೋಗುವ ಎರಡು ತಂತಿಯಲ್ಲಿ ಒಂದನ್ನು ಕತ್ತರಿಸಿ ಮಧ್ಯೆ ಬಲ್ಬು ಸೇರಿಸಿ. ಒಂದು ಇಂಜಿನ್ ಓಡುವಾಗ ಅದು ಹತ್ತುವುದೇ ಇಲ್ಲ, ಅಥವಾ ಬಲ್ಬಿನೊಳಗಿನ ತಂತಿ ಸ್ವಲ್ಪ ಕೆಂಪಾಗುತ್ತದೆ. ಹಳಿಯಲ್ಲಿ ಶಾರ್ಟ್ ಆದರೆ ಜೋರಾಗಿ ಹತ್ತುತ್ತದೆ. 21 ವ್ಯಾಟಿನ ಬಲ್ಬು 12 ವೋಲ್ಟಿಗೆ ಒಂದು ಮುಕ್ಕಾಲು ಆಂಪಿಯರಿಗಿಂತ ಜಾಸ್ತಿ ಬಿಡುವುದಿಲ್ಲ. ಐಸಿ ಅಷ್ಟು ತಡೆಯುವಂಥದ್ದಾದರೆ ಉಳಿಯುತ್ತದೆ, ಶಾರ್ಟ್ ಎಲ್ಲಿ ಅಂತ ಹುಡುಕಲು ಬೆಳಕೂ ಸಿಗುತ್ತದೆ. ಸಣ್ಣ ಐಸಿ ಇದ್ದರೆ 10 ವ್ಯಾಟಿನ ಬಲ್ಬು ಹಾಕಿ. ಪಾಯಿಂಟುಗಳನ್ನು, ಅಂದರೆ ಹಳಿ ಕವಲೊಡೆಯುವ ಜಾಗಗಳನ್ನು, ಒಂದೊಂದಾಗಿ ಬದಲಿಸುತ್ತಾ ಹೋಗಿ, ಯಾವುದರಲ್ಲಿ ಬಲ್ಬು ಆರಿತೋ ಅಲ್ಲೇ ಕಳ್ಳ ಇದ್ದಾನೆ.

ಡಿಕೋಡರ್ ಓದಲು ಆಗುತ್ತಿಲ್ಲ ಅನ್ನುವುದು ಇನ್ನೊಂದು ದೊಡ್ಡ ದೂರು. ಡಿಕೋಡರಿಗೆ ಬರೆಯಲು, ಓದಲು ಬಳಸುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ಡಿಕೋಡರಿಗೆ ಬಾಯಿ ಇಲ್ಲ. "ಹೌದು" ಅನ್ನಲು ಅದು ಮೋಟಾರಿಗೆ ಒಂದು ಸಣ್ಣ ತಳ್ಳು ಕೊಟ್ಟು, ಸುಮಾರು 6 ಮಿಲಿಸೆಕೆಂಡ್ ಹೊತ್ತು ಕನಿಷ್ಠ 60 ಮಿಲಿಆಂಪಿಯರ್ ಜಾಸ್ತಿ ಎಳೆಯುತ್ತದೆ. ಬೋರ್ಡ್ ಆ ಏರಿಕೆಯನ್ನು ಒಂದು ಸಣ್ಣ ರೆಸಿಸ್ಟರಿನ ಮೇಲೆ ಅಳೆಯುತ್ತದೆ. ಒಂದು ಓಮ್ ಇದ್ದರೆ ಸಿಗುವುದು ಬರೀ 60 ಮಿಲಿವೋಲ್ಟ್. ಆ ರೆಸಿಸ್ಟರಿನ ಬೆಲೆ ತಪ್ಪಿದರೆ, ಸೋಲ್ಡರ್ ಡ್ರೈ ಆದರೆ, ಬರೆಯುವುದು ಆಗುತ್ತದೆ, ಓದುವುದು ಆಗುವುದಿಲ್ಲ. ಅಲ್ಲಿ ಬಣ್ಣ ಸರಿಯಾಗಿ ನೋಡಿ: ಹಳದಿ, ನೇರಳೆ, ಬೆಳ್ಳಿ ಅಂದರೆ 0.47 ಓಮ್. ಬೆಳ್ಳಿಯ ಜಾಗದಲ್ಲಿ ಚಿನ್ನ ಇದ್ದರೆ 4.7.

ರೆಸಿಸ್ಟರ್ ಸರಿ ಇದ್ದರೆ ಇಂಜಿನ್ ಕಡೆ ಬನ್ನಿ. ಮೋಟಾರ್ ತಂತಿ ಬಿಟ್ಟಿದ್ದರೆ ಡಿಕೋಡರಿಗೆ ತಳ್ಳಲು ಏನೂ ಇಲ್ಲ. ಚಕ್ರದ ಕೊಳೆ ಐಪಿಎಯಲ್ಲಿ ಒರೆಸಿ. ಆ ಹಳಿಯ ಮೇಲೆ ಒಂದೇ ಇಂಜಿನ್ ಇರಲಿ. ಶಬ್ದದ ಡಿಕೋಡರಿನಲ್ಲಿ ದೊಡ್ಡ ಕಂಡೆನ್ಸರ್ ಇದ್ದರೆ ಅದು ತುಂಬಿಕೊಳ್ಳುವ ಗದ್ದಲದಲ್ಲಿ ಉತ್ತರ ಕೇಳಿಸುವುದಿಲ್ಲ, ಓದುವಾಗ ಅದನ್ನು ಬಿಡಿಸಿ. ಡಿಕೋಡರಿನೊಳಗೆ ನಂಬರ್ ಬರೆದಿಡುವ ಒಂದೊಂದು ಮನೆಗೆ ಸಿವಿ ಅನ್ನುತ್ತಾರೆ. ಮೊದಲು ಓದಬೇಕಾದ್ದು ಸಿವಿ 8. ಅದು ತಯಾರಕರ ನಂಬರ್, ಓದಿದರೆ ಏನೂ ಕೆಡುವುದಿಲ್ಲ. ಹೊಸ ಡಿಕೋಡರಿನ ವಿಳಾಸ ಸಾಮಾನ್ಯವಾಗಿ 3. ಯಾರೋ ಬಳಸಿದ್ದು ಕೊಂಡಿದ್ದರೆ ವಿಳಾಸ ಏನಿದೆಯೋ ಗೊತ್ತಿರುವುದಿಲ್ಲ. ಬಹಳ ಡಿಕೋಡರುಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಎಲ್ಲ ಮೊದಲಿನಂತೆ ಆಗುತ್ತದೆ, ಆದರೂ ಅದರ ಚೀಟಿ ಓದಿಯೇ ಮಾಡಿ.

ಮಧ್ಯೆ ಮಧ್ಯೆ ಕೈಕೊಟ್ಟರೆ

ಚೆನ್ನಾಗಿ ಓಡುತ್ತಾ ಇದ್ದು, ಪಾಯಿಂಟ್ ಬದಲಿಸಿದ ಕ್ಷಣ ಬೋರ್ಡ್ ಲ್ಯಾಪ್‌ಟಾಪಿನಿಂದ ಕಳಚಿಕೊಂಡರೆ ಕಾರಣ ಪಾಯಿಂಟನ್ನು ತಂತಿ ಸುರುಳಿಯಿಂದ ಎಳೆದು ಬದಲಿಸುವ ಸೊಲೆನಾಯ್ಡ್ ಪಾಯಿಂಟ್ ಮೋಟಾರ್. ಅದರ ಒದೆತ ಯುಎಸ್‌ಬಿ ತಂತಿಗೂ ತಾಗುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಕಟ್ಟಬೇಡಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಬಾರದು, ಚಿಕ್ಕದಿದ್ದಷ್ಟೂ ಒಳ್ಳೆಯದು. ಕೇಬಲ್ ತುದಿಯಲ್ಲಿ ಫೆರೈಟ್ ಗುಂಡು ಇರುವುದು ಸಿಕ್ಕರೆ ಅದನ್ನೇ ಹಾಕಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಆಗ ತೊಂದರೆ ಹೋದರೆ ಅದು ಚಾರ್ಜರಿನ ಗ್ರೌಂಡ್ ಮೂಲಕ ಸುತ್ತಿಕೊಂಡು ಬರುತ್ತಿದೆ ಅಂತ ಅರ್ಥ. ಹಳಿಯ ಯಾವ ತಂತಿಯನ್ನೂ ಯುಎಸ್‌ಬಿಯ ಗ್ರೌಂಡಿಗೆ ಸೇರಿಸಲೇಬಾರದು.

ಏನೂ ಮುಟ್ಟದೆ ಸ್ವಲ್ಪ ಹೊತ್ತಿನ ನಂತರ ಕಳಚಿಕೊಂಡರೆ ವಿಂಡೋಸಿನ ಪವರ್ ಆಪ್ಷನ್ಸ್‌ಗೆ ಹೋಗಿ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ.

ಇಷ್ಟೆಲ್ಲ ಆದರೂ ಏಳದಿದ್ದರೆ ಕಿಟ್ ಮಾಡಿದವರಿಗೆ ಬರೆಯಿರಿ. "ಕೆಲಸ ಮಾಡುತ್ತಿಲ್ಲ" ಅಂತ ಒಂದು ಸಾಲು ಬರೆದರೆ ಅವರು ವಾಪಸ್ ಹತ್ತು ಪ್ರಶ್ನೆ ಕೇಳುತ್ತಾರೆ. ಬೋರ್ಡಿನ ಎರಡೂ ಬದಿಯ ಸ್ಪಷ್ಟ ಫೋಟೊ ತೆಗೆಯಿರಿ. 1, 9, 10, 14, 15, 16, 20ನೇ ಕಾಲುಗಳ ವೋಲ್ಟೇಜ್ ಬರೆಯಿರಿ, 19ನ್ನು ಗ್ರೌಂಡ್ ಮಾಡಿಕೊಂಡು. ಚುಚ್ಚಿದಾಗ ಶಬ್ದ ಬಂತಾ, ಡಿವೈಸ್ ಮ್ಯಾನೇಜರಿನಲ್ಲಿ ಯಾವ ಕೋಡ್ ಕಂಡಿತು, ಅಡಾಪ್ಟರ್ ಎಷ್ಟು ವೋಲ್ಟಿನದು, ಯಾವ ಭಾಗದ ಬದಲು ಬೇರೆ ಏನು ಹಾಕಿದ್ದೀರಿ, ಎಲ್ಲ ಬರೆಯಿರಿ. ಕ್ರಿಸ್ಟಲ್ ಕಾಲುಗಳಿಗೆ ಮೀಟರ್ ತಾಗಿಸಿದಾಗ ಬೋರ್ಡ್ ಎದ್ದರೂ ಸರಿ, ಬಿದ್ದರೂ ಸರಿ, ಅದನ್ನೂ ಸೇರಿಸಿ.